ನಳಿಗೆ ಸವೆದಿದೆಯೋ, ಕಿಟ್ಟ ಕಟ್ಟಿದೆಯೋ?

ಚೆನ್ನಾಗಿ ಹೊಡೆಯುತ್ತಿದ್ದ ರೈಫಲ್ ಗುರಿ ತಪ್ಪಲು ಶುರುಮಾಡಿದರೆ ಮೊದಲು ಬೈಸಿಕೊಳ್ಳುವವರು ಅದನ್ನು ಹಿಡಿದವರು. ಆಮೇಲೆ ಗುಂಡಿನ ಮೇಲೆ ಅನುಮಾನ. ಬೇರೆಯವರು ಹಿಡಿದರೂ, ಬೇರೆ ಡಬ್ಬಿಯ ಗುಂಡು ಹಾಕಿದರೂ ಅದೇ ಕತೆಯಾದರೆ ಎಲ್ಲರೂ ಸೇರಿ ತೀರ್ಪು ಕೊಡುತ್ತಾರೆ: ನಳಿಗೆ ಸವೆದುಹೋಗಿದೆ, ಇನ್ನಿದು ಉಪಯೋಗಕ್ಕಿಲ್ಲ. ಈ ತೀರ್ಪು ಬಹಳ ಸಲ ಆತುರದ್ದು. ಉಕ್ಕಿನ ನಳಿಗೆ ಸಾವಿರಾರು ಗುಂಡು ತಾಳಲೆಂದೇ ಮಾಡಿದ ವಸ್ತು. ಅದರ ಒಳಮೈಗೆ ಪದರ ಪದರವಾಗಿ ಹತ್ತಿದ ಮಸಿ, ತಾಮ್ರ, ಸೀಸ, ಉಪ್ಪು ಸೇರಿಕೊಂಡು ಗುಂಡಿನ ದಾರಿ ಕೆಡಿಸಿರುತ್ತವೆ. ತೊಳೆದು ನೋಡದೆ ನಳಿಗೆಯನ್ನು ಗುಜರಿಗೆ ಹಾಕಬಾರದು. ತೊಳೆಯುವುದನ್ನು ಕಲಿಯದೆ ತೊಳೆಯಲೂಬಾರದು. ಅವಸರದ ಕೈಗೆ ಸಿಕ್ಕ ಕ್ಲೀನಿಂಗ್ ರಾಡು, ಹಾರಿಸಿದ ಗುಂಡುಗಳಿಗಿಂತ ಹೆಚ್ಚು ನಳಿಗೆಗಳನ್ನು ಕೆಡಿಸಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಈ ಮಾತು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಬೇಕಾದವರೂ ಇದ್ದಾರೆ. ಎನ್‌ಸಿಸಿ ಸೇರಿದ ಕಾಲೇಜು ಹುಡುಗ ಹುಡುಗಿಯರು .22 ರೈಫಲ್ಲಿನಲ್ಲಿ 25 ಗಜದ ಗುರಿಗೆ ಮಲಗಿ ಹೊಡೆಯುವುದನ್ನು ಕಲಿಯುತ್ತಾರೆ. ಸಶಸ್ತ್ರ ಮೀಸಲು ಪೊಲೀಸರಿಗೆ ವರ್ಷ ವರ್ಷ ಗುರಿ ಅಭ್ಯಾಸವಿದೆ. ಪರವಾನಗಿದಾರರಲ್ಲಿ ಕೆಲವರ ಬಳಿ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .315 ರೈಫಲ್ ಇದೆ. .303 ನಾಗರಿಕರಿಗೆ ನಿಷಿದ್ಧ ಬೋರ್ ಆದ್ದರಿಂದ ನಮ್ಮ ದೇಶದಲ್ಲಿ ಸಾಮಾನ್ಯರ ಕೈಗೆ ಬಂದ ರೈಫಲ್ ಈ .315. ಇನ್ನು ಹಂದಿ ಕಾಟಕ್ಕೆಂದು, ತೋಟದ ಒಂಟಿಮನೆಯ ಧೈರ್ಯಕ್ಕೆಂದು ಇಟ್ಟುಕೊಂಡ ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳ ಒಳಮೈ ನುಣ್ಣಗಿರುತ್ತದೆ. ಅವುಗಳಲ್ಲಿ ಗೀರು ಇಲ್ಲ, ಹಾಗಾಗಿ ಅವುಗಳ ಕತೆ ಚಿಕ್ಕದು: ಮಸಿ, ಸೀಸ, ತೋಟೆಯೊಳಗಿನ ಪ್ಲಾಸ್ಟಿಕ್ ಉಜ್ಜಿದ ಗುರುತು, ಮತ್ತು ತುಕ್ಕು. ಗೀರಿರುವ ನಳಿಗೆಯದೇ ದೊಡ್ಡ ಕತೆ.

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಹರಿಯುವ ಗೀರುಗಳಿವೆ. ತಗ್ಗಿಗೆ ಗ್ರೂವ್, ಉಬ್ಬಿಗೆ ಲ್ಯಾಂಡ್ ಎನ್ನುತ್ತಾರೆ. ಗುಂಡಿನ ವ್ಯಾಸ ಉಬ್ಬಿನಿಂದ ಉಬ್ಬಿಗಿರುವ ಅಗಲಕ್ಕಿಂತ ಕೊಂಚ ದೊಡ್ಡದು. ಹಿಂದಿನ ಒತ್ತಡಕ್ಕೆ ಅದು ಗೀರುಗಳೊಳಗೆ ಕಚ್ಚಿಕೊಂಡು ತಿರುಗುತ್ತ ಹೊರಬರುತ್ತದೆ. ಸೈನ್ಯ, ಪೊಲೀಸರು ಬಹುಕಾಲ ಬಳಸಿದ 7.62 ಎಸ್‌ಎಲ್‌ಆರ್ ರೈಫಲ್ಲಿನಲ್ಲಿ ಗೀರು 12 ಇಂಚಿಗೆ ಒಂದು ಸುತ್ತು ಬರುತ್ತದೆ. ಗುಂಡು ಸೆಕೆಂಡಿಗೆ ಸುಮಾರು 840 ಮೀಟರ್ ವೇಗದಲ್ಲಿ ಹೊರಡುವುದರಿಂದ ಅದರ ತಿರುಗಾಟ ಸೆಕೆಂಡಿಗೆ 2,700 ಸುತ್ತು ದಾಟುತ್ತದೆ. ಗುಂಡನ್ನು ಅಲುಗಾಡದೆ ಗುರಿಯತ್ತ ಒಯ್ಯುವುದು ಈ ತಿರುಗಾಟವೇ. ಇಷ್ಟೆಲ್ಲ ಮಾಡುವ ಗೀರಿನ ಆಳ ಎಷ್ಟು? ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ. 5.56 ರೈಫಲ್ಲಿನಲ್ಲಿ ಅದಕ್ಕಿಂತಲೂ ಕಡಿಮೆ. ಇಷ್ಟು ತೆಳ್ಳನೆಯ ಗೀರಿನೊಳಗೆ ಕಿಟ್ಟ ಕೂತರೆ ನಳಿಗೆಯ ಅಳತೆಯೇ ಬದಲಾಯಿತು ಎಂದು ಲೆಕ್ಕ. ಅದೂ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಹಿಂದಿನ ಗುಂಡು ಬಿಟ್ಟುಹೋದ ತಾಮ್ರ ಮುಂದಿನ ಗುಂಡಿನ ಮೈ ಕೆರೆಯುತ್ತದೆ, ಕೆರೆದದ್ದು ಅಲ್ಲೇ ಅಂಟುತ್ತದೆ. ಐದು ಗುಂಡಿನ ಗ್ರೂಪಿಂಗ್ ಅಗಲವಾಗುತ್ತ ಹೋಗುವುದು ಹೀಗೆ.

ಕಿಟ್ಟ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದು ಒಂದೇ ವಸ್ತುವಲ್ಲ. ಇದನ್ನು ತಿಳಿಯದೆ ಸೀಮೆಎಣ್ಣೆಯನ್ನೋ ಯಾವುದೋ ಒಂದು ಬಾಟಲಿ ದ್ರಾವಣವನ್ನೋ ಸುರಿದು, ಏನೂ ಆಗಲಿಲ್ಲ ಎಂದು ಕೈಬಿಡುವವರೇ ಹೆಚ್ಚು. ಶ್ರೀನಿವಾಸಪುರದ ಮಾವಿನ ತೋಟದವರಿಗೂ ಕೋಲಾರದ ಟೊಮೆಟೊ ಬೆಳೆಗಾರರಿಗೂ ಡ್ರಿಪ್ ಪೈಪಿನ ಕಷ್ಟ ಗೊತ್ತು. ನೀರು ತೊಟ್ಟಿಕ್ಕುವುದು ನಿಂತರೆ ಕೊಳವೆಬಾವಿ ಬತ್ತಿತು ಎಂದು ಯಾರೂ ಹೇಳುವುದಿಲ್ಲ. ರಂಧ್ರದಲ್ಲಿ ಕಟ್ಟಿದ್ದು ಸುಣ್ಣವಾದರೆ ಆಸಿಡ್, ಪಾಚಿಯಾದರೆ ಕ್ಲೋರಿನ್. ಒಂದರ ಮದ್ದು ಇನ್ನೊಂದಕ್ಕೆ ಆಗದು, ಎರಡನ್ನೂ ಬೆರೆಸಿದರೆ ವಿಷಗಾಳಿ. ನಳಿಗೆಯ ವಿಚಾರವೂ ಅಕ್ಷರಶಃ ಹೀಗೆಯೇ.

ಮೊದಲನೆಯದು ಮಸಿ. ಮದ್ದು ಉರಿದಾಗ ಉಳಿಯುವ ಇಂಗಾಲ, ಚೇಂಬರಿನಿಂದ ಗೀರು ಶುರುವಾಗುವ ಜಾಗದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಗಟ್ಟಿಯಾಗಿ, ಕೊನೆಗೆ ಉಂಗುರದಂತೆ ಕೂತುಬಿಡುತ್ತದೆ. .22ರಲ್ಲಿ ಗುಂಡಿನ ಮೇಣವೂ ಇದಕ್ಕೆ ಸೇರುತ್ತದೆ. ಎರಡನೆಯದು ತಾಮ್ರ. .315, 7.62, 5.56 ಗುಂಡುಗಳ ಸೀಸದ ಮೈಮೇಲೆ ತಾಮ್ರಕ್ಕೆ ಕೊಂಚ ಸತು ಬೆರೆಸಿದ ಲೋಹದ ಹೊದಿಕೆ ಇರುತ್ತದೆ. ವೇಗ ಹೆಚ್ಚಾದಷ್ಟೂ ಅದು ಗೀರಿಗೆ ಬಳಿದುಕೊಳ್ಳುತ್ತದೆ. ಮೂರನೆಯದು ಸೀಸ. ಹೊದಿಕೆಯಿಲ್ಲದ .22 ಗುಂಡಿನದು. ಎನ್‌ಸಿಸಿ ರೈಫಲ್ಲಿಗೆ ತಾಮ್ರ ಕರಗಿಸುವ ದುಬಾರಿ ದ್ರಾವಣ ತಂದು ಸುರಿಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು: ಬರೀ ಸೀಸದ ಗುಂಡು ಹಾರಿಸಿದ ನಳಿಗೆಯಲ್ಲಿ ಕರಗಲು ತಾಮ್ರವೇ ಇರುವುದಿಲ್ಲ.

ನಾಲ್ಕನೆಯದು ಉಪ್ಪು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಳೆಯ ನಳಿಗೆಗಳನ್ನು ತಿಂದುಹಾಕಿದ್ದು ಇದೇ. ಹಿಂದಿನ ಕಾಲದ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದಾಗ ನಳಿಗೆಯೊಳಗೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ನೆಂಟ. ಗಾಳಿಯ ತೇವ ಶೇ 84ರ ಆಸುಪಾಸು ಮುಟ್ಟಿದರೆ ಅದು ತಾನಾಗಿಯೇ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಕೋಲಾರ ಒಣ ಸೀಮೆ, ಇಲ್ಲಿ ತುಕ್ಕಿನ ಭಯವಿಲ್ಲ ಎಂದು ನೆಮ್ಮದಿಯಾಗಿರುವಂತಿಲ್ಲ. ಕಾರ್ತಿಕ ಮಾಸದ ಮಂಜಿನ ಬೆಳಗು ಸಾಕು ಆ ತೇವಕ್ಕೆ. ಎಣ್ಣೆ ಹಚ್ಚಿದರೆ ಉಪ್ಪು ಕರಗುವುದಿಲ್ಲ, ಎಣ್ಣೆಯ ಕೆಳಗೆ ಭದ್ರವಾಗಿ ಕೂತು ಉಕ್ಕನ್ನು ಕೊರೆಯುತ್ತದೆ. ಅದಕ್ಕೆ ಮದ್ದು ಒಂದೇ, ನೀರು. .303 ಕಾಲದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಳವೆ ಇಟ್ಟು ನಳಿಗೆಯೊಳಗೆ ಕುದಿಯುವ ನೀರು ಸುರಿಯುವುದನ್ನು ಕಲಿಸುತ್ತಿದ್ದುದು ಇದಕ್ಕಾಗಿ. ಕುದಿನೀರು ಉಪ್ಪನ್ನು ಕರಗಿಸಿ ಒಯ್ಯುತ್ತದೆ, ಜೊತೆಗೆ ಕಾದ ಉಕ್ಕು ತನ್ನಷ್ಟಕ್ಕೆ ತಾನೇ ಒಣಗುತ್ತದೆ. ನಮ್ಮ ಜಿಲ್ಲೆಯ ಚಿನ್ನದ ಗಣಿಯಲ್ಲೂ ಒಂದು ಸ್ವಯಂಸೇವಾ ಪಡೆಯಿತ್ತು. ಬ್ರಿಟಿಷರ ಕಾಲದ ಸಹಾಯಕ ಪಡೆಯ ಭಾಗವಾಗಿದ್ದ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಅದು. ಗಣಿಯ ಯುರೋಪಿಯನ್, ಆಂಗ್ಲೋ ಇಂಡಿಯನ್ ನೌಕರರು ರೈಫಲ್ ಹಿಡಿದು ಕವಾಯತು ಮಾಡುತ್ತಿದ್ದ ಆ ದಿನಗಳೆಲ್ಲ ಕುದಿನೀರಿನ ದಿನಗಳೇ.

ಇಲ್ಲಿ ಒಂದು ಎಚ್ಚರಿಕೆ. ಮಾಲೂರಿನಿಂದ ಮುಳಬಾಗಿಲಿನವರೆಗೆ ನಮ್ಮ ಕೊಳವೆಬಾವಿ ನೀರು ಗಡಸು. ಅದನ್ನೇ ಕಾಯಿಸಿ ಸುರಿದರೆ ಒಣಗಿದ ಮೇಲೆ ಬಿಳಿ ಪುಡಿಯ ತೆಳು ಪದರ ಉಳಿಯುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರು ಅಥವಾ ಹಿಡಿದಿಟ್ಟ ಮಳೆನೀರು ವಾಸಿ.

ಉಪ್ಪಿನ ಈ ಕಾಟ ಇನ್ನೂ ಹಳೆಯದು. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗದೆ ಘನವಾಗಿಯೇ ಉಳಿಯುತ್ತದೆ. ಹೊಗೆಯಾಗಿ ಹಾರಿದ್ದು ಬಿಟ್ಟು ಮಿಕ್ಕಿದ್ದೆಲ್ಲ ನಳಿಗೆಯ ಗೋಡೆಗೆ. ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ನೀರೆಳೆಯಲು ಶೇ 43ರಷ್ಟು ತೇವ ಸಾಕು. ಕರಿಮದ್ದಿನ ಕಾಲದ ಕತೆ ನಮ್ಮ ಜಿಲ್ಲೆಯಲ್ಲೂ ಇದೆ. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮ ಬಂಗಾರಪೇಟೆ ತಾಲ್ಲೂಕಿನದು. ಆತನ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್‌ನ ಸೈನ್ಯಕ್ಕೂ 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಘೋರ ಕದನ ನಡೆಯಿತು. ವುಡ್ ಸೋಲುವ ಹಂತದಲ್ಲಿದ್ದಾಗ ಕ್ಯಾಪ್ಟನ್ ಬ್ರೂಕ್ ಎಂಬವನು ಎರಡು ಫಿರಂಗಿಗಳೊಡನೆ ಬಂಡೆ ಹತ್ತಿ, ಕಂಪನಿಯ ಇನ್ನೊಬ್ಬ ಕರ್ನಲ್ ಸ್ಮಿತ್‌ನ ದಂಡು ಬಂತು ಎಂದು ತನ್ನವರಿಂದ ಕೂಗಿಸಿ ಹೈದರನ ಪಡೆಯನ್ನು ತಡೆದ ಪ್ರಸಂಗ ಇತಿಹಾಸ ಓದಿದವರಿಗೆ ಗೊತ್ತು. ಆ ಕಾಲದ ಕಂಪನಿ ಸಿಪಾಯಿಯ ಕೋವಿಯ ಬಾಯಿ ಮುಕ್ಕಾಲು ಇಂಚು, ಗುಂಡು ಮಾತ್ರ 0.69 ಇಂಚು. ಅಷ್ಟು ಸಡಿಲ ಬಿಟ್ಟದ್ದು ಬೇಕೆಂದೇ. ಕದನದ ನಡುವೆ ನಳಿಗೆಯಲ್ಲಿ ಕಿಟ್ಟ ಕಟ್ಟಿದರೂ ಬಾಯಿಯಿಂದ ಹಾಕಿದ ಗುಂಡು ತಳಕ್ಕೆ ಇಳಿಯಬೇಕಲ್ಲ? ಅದಕ್ಕೆ ತೆತ್ತ ಬೆಲೆ ಗುರಿ. ಸಡಿಲ ಗುಂಡು ನಳಿಗೆಯಲ್ಲಿ ಆಚೆ ಈಚೆ ಬಡಿದುಕೊಂಡು ಹೊರಬೀಳುವಾಗ ಎತ್ತ ಹೋದೀತೆಂದು ಹೇಳುವಂತಿರಲಿಲ್ಲ.

ಗೀರಿನ ನಳಿಗೆಯನ್ನು ಎಲ್ಲ ಸಿಪಾಯಿಗಳ ಕೈಗೆ ಕೊಟ್ಟಾಗ ಕಿಟ್ಟದ ಸಮಸ್ಯೆ ಇಮ್ಮಡಿಯಾಯಿತು. 1853ರ ಎನ್‌ಫೀಲ್ಡ್ ರೈಫಲ್ಲಿನ ಬೋರು .577 ಇಂಚು, ಗುಂಡು .568. ಎಡೆ ಅಷ್ಟು ಕಡಿಮೆ. ಕಿಟ್ಟವನ್ನು ಮೆದುವಾಗಿಡಲು, ಗುಂಡು ಸಲೀಸಾಗಿ ಇಳಿಯಲು ಕಾಗದದ ತೋಟೆಗೆ ಕೊಬ್ಬು ಸವರಿದರು. ಆ ಕೊಬ್ಬು ಯಾವ ಪ್ರಾಣಿಯದು ಎಂಬ ಪ್ರಶ್ನೆ 1857ರಲ್ಲಿ ಏನು ಮಾಡಿತು ಎಂಬುದನ್ನು ಶಾಲೆಯ ಪಾಠದಲ್ಲೇ ಓದಿದ್ದೇವೆ. ಕೊಬ್ಬು ಏಕೆ ಬೇಕಾಗಿತ್ತು ಎಂಬುದನ್ನು ಮಾತ್ರ ಆ ಪಾಠ ಹೇಳುವುದಿಲ್ಲ.

ಇನ್ನು ಕೆಲಸಕ್ಕೆ ಬರೋಣ. ವರ್ಷಗಟ್ಟಲೆ ಸರಿಯಾಗಿ ತೊಳೆಯದ .315 ಒಂದು ಮೇಜಿನ ಮೇಲಿದೆ ಎಂದುಕೊಳ್ಳಿ. ಮೊದಲು ಗುಂಡಿಲ್ಲ ಎಂಬುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ಗುಂಡಿನ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ಬೋಲ್ಟ್ ತೆಗೆದು, ಬಾಯಿ ಕೊಂಚ ತಗ್ಗಿರುವಂತೆ ರೈಫಲ್ಲನ್ನು ಮಲಗಿಸಬೇಕು. ದ್ರಾವಣ ಹಿಂದಕ್ಕೆ ಹರಿದರೆ ಟ್ರಿಗರಿನೊಳಗೂ ಮರದ ಹಿಡಿಯೊಳಗೂ ಸೇರಿಕೊಳ್ಳುತ್ತದೆ. ರಾಡು ಹಿಂದಿನಿಂದ ಹೋಗಬೇಕು, ಬಾಯಿಯಿಂದ ಅಲ್ಲ. ಬಾಯಿಯ ಅಂಚಿಗೆ ಕ್ರೌನ್ ಎಂದು ಹೆಸರು. ಗುಂಡು ನಳಿಗೆಯನ್ನು ಬಿಡುವ ಕೊನೆಯ ಕ್ಷಣದಲ್ಲಿ ಹಿಂದಿನ ಅನಿಲ ಅದರ ಸುತ್ತ ಸಮನಾಗಿ ಹೊರನುಗ್ಗಬೇಕು. ಅಂಚು ಒಂದು ಕಡೆ ಉಜ್ಜಿಹೋದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬಾಲವನ್ನು ತಳ್ಳುತ್ತದೆ. ಮೂರು ತುಂಡು ಜೋಡಿಸಿದ ರಾಡನ್ನು ಬಾಯಿಯಿಂದ ತೂರಿಸಿ ಎಡಬಲ ಅಲುಗಿಸುತ್ತ ತಿಕ್ಕಿದ ನಳಿಗೆಗಳು ಹಾಳಾಗುವುದು ಹೀಗೆ. ಒಂದೇ ತುಂಡಿನ ರಾಡು, ಹಿಂದೆ ಅದನ್ನು ನಡುಮಧ್ಯದಲ್ಲಿ ಹಿಡಿದಿಡುವ ಬೋರ್ ಗೈಡ್, ಇವೆರಡಕ್ಕೆ ಖರ್ಚು ಮಾಡಿದ ಹಣ ನಷ್ಟವಲ್ಲ.

ಹಳೆಯ ಗುಂಡು, ಯಾವ ಕೇಪು ಎಂದು ತಿಳಿಯದ ಗುಂಡು ಹಾರಿಸಿದ್ದರೆ ಮೊದಲ ಸರದಿ ಬಿಸಿನೀರಿನದು. ಅದಾದ ಮೇಲೆ ಮಸಿ ಬಿಡಿಸುವ ದ್ರಾವಣದಲ್ಲಿ ಅದ್ದಿದ ಚಿಂದಿ. ಫ್ಲಾನಲೆಟ್ ಬಟ್ಟೆಯ ತುಂಡಿಗೆ ಸೈನ್ಯದಲ್ಲೂ ಎನ್‌ಸಿಸಿಯಲ್ಲೂ ಚಿಂದಿ ಎಂದೇ ಹೆಸರು. ಒರೆಸಲು 4 ಇಂಚಿಗೆ 2 ಇಂಚು, ಎಣ್ಣೆ ಹಚ್ಚಲು 4 ಇಂಚಿಗೆ ಒಂದೂವರೆ. ಮೊದಲ ಚಿಂದಿ ಬಾಯಿಯಿಂದ ಹೊರಬಂದಾಗ ನೋಡಬೇಕು. ಕಪ್ಪು ಎಂದರೆ ಹಂಡೆಯ ತಳದ ಕಪ್ಪು, ಒದ್ದೆಯಾಗಿ ಜಿನುಗುತ್ತಿರುತ್ತದೆ. ಅದನ್ನು ಅಲ್ಲೇ ತೆಗೆದು ಎಸೆಯಬೇಕು. ಅದೇ ಚಿಂದಿಯನ್ನು ಹಿಂದಕ್ಕೆ ಎಳೆದರೆ ಬಿಡಿಸಿದ ಕೊಳೆಯನ್ನೇ ಮತ್ತೆ ಒಳಗೆ ಹರಡಿದಂತೆ. ಮೂರು ನಾಲ್ಕು ಚಿಂದಿ ಹೋದ ಮೇಲೆ ಆ ಬೋರಿಗೆ ಹೊಂದುವ ಕಂಚಿನ ಬ್ರಷ್ಷನ್ನು ದ್ರಾವಣದಲ್ಲಿ ಅದ್ದಿ, ಒಂದು ತುದಿಯಿಂದ ಇನ್ನೊಂದು ತುದಿ ಪೂರ್ತಿ ದಾಟಿಸಬೇಕು. ನಡುವೆ ನಿಲ್ಲಿಸಿ ಹಿಂದಕ್ಕೆಳೆದರೆ ಎಳೆಗಳು ಮುರಿಯುತ್ತವೆ. ಉಕ್ಕಿನ ಎಳೆಯ ಬ್ರಷ್ ಬೇಡವೇ ಬೇಡ. ಆಮೇಲೆ ಕಾಯಬೇಕು. ಕಾಲು ಗಂಟೆ ಸುಮ್ಮನೆ ಬಿಟ್ಟರೆ ದ್ರಾವಣ ಮಾಡುವ ಕೆಲಸವನ್ನು ತೋಳಿನ ಬಲ ಒಂದು ಗಂಟೆಯಲ್ಲೂ ಮಾಡಲಾರದು.

ಚಿಂದಿ ಬೂದು ಬಣ್ಣಕ್ಕೆ ತಿರುಗಿದ ಮೇಲೆ ದ್ರಾವಣವನ್ನು ಪೂರ್ತಿ ಒರೆಸಿ ಒಣಗಿಸಿ ತಾಮ್ರದ ಮದ್ದಿಗೆ ಹೋಗಬೇಕು. ಬಹುಪಾಲು ತಾಮ್ರದ ದ್ರಾವಣಗಳಲ್ಲಿ ಇರುವುದು ಅಮೋನಿಯಾ. ಅದು ತಾಮ್ರದೊಡನೆ ಸೇರಿ ಕಡು ನೀಲಿ ಬಣ್ಣ ಕೊಡುತ್ತದೆ. ಐದು ಹತ್ತು ನಿಮಿಷ ಬಿಟ್ಟು ಚಿಂದಿ ತೂರಿಸಿದರೆ, ನವಿಲಿನ ಕತ್ತಿನ ನೀಲಿ ಗೆರೆಗೆರೆಯಾಗಿ ಬಟ್ಟೆಯ ಮೇಲೆ ಬರುತ್ತದೆ. ಗೆರೆಗಳ ಅಂತರ ನೋಡಿದರೆ ಗೀರುಗಳ ಅಂತರವೇ ಅಚ್ಚಾದಂತಿರುತ್ತದೆ. ರಾಡಿನ ತುದಿಯ ಜ್ಯಾಗ್ ಹಿತ್ತಾಳೆಯದಾದರೆ ಅದರ ತಾಮ್ರವೂ ಕರಗಿ ನೀಲಿ ಕೊಡುತ್ತದೆ, ನಳಿಗೆ ಶುದ್ಧವಾದ ಮೇಲೂ ನೀಲಿ ನಿಲ್ಲುವುದಿಲ್ಲ. ಈ ಹಂತಕ್ಕೆ ನೈಲಾನ್ ಬ್ರಷ್ಷು, ಪ್ಲಾಸ್ಟಿಕ್ ಅಥವಾ ನಿಕ್ಕಲ್ ಲೇಪದ ಜ್ಯಾಗ್ ಇರಲಿ. ಅಮೋನಿಯಾ ದ್ರಾವಣವನ್ನು ರಾತ್ರಿಯಿಡೀ ಬಿಡಬಾರದು, ಬಾಟಲಿಯ ಮೇಲೆ ಬರೆದ ಸಮಯ ಮೀರಬಾರದು, ಕಿಟಕಿ ತೆರೆದಿರಬೇಕು. ಬ್ಲೀಚಿಂಗ್ ದ್ರಾವಣದ ಹತ್ತಿರ ಅದನ್ನು ಸುಳಿಯಲೂ ಬಿಡಬಾರದು; ಎರಡು ಬೆರೆತರೆ ಹುಟ್ಟುವ ಅನಿಲ ಶ್ವಾಸಕೋಶಕ್ಕೆ ವಿಷ.

ತುಂಬ ಕೊಳೆಯಾದ ನಳಿಗೆಯಲ್ಲಿ ಜನ ಸೋಲುವುದು ಇಲ್ಲಿಯೇ. ನೀಲಿ ನಿಂತಿತು, ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಕಿಟ್ಟ ಕಟ್ಟಿದ್ದು ಒಂದೇ ದಿನ ಅಲ್ಲ. ತಾಮ್ರದ ಮೇಲೆ ಮಸಿ, ಮಸಿಯ ಮೇಲೆ ಮತ್ತೆ ತಾಮ್ರ. ತಾಮ್ರದ ಮದ್ದು ಮಸಿಯನ್ನು ದಾಟಲಾರದು. ನೀಲಿ ನಿಂತ ಮೇಲೆ ಮತ್ತೆ ಮಸಿಯ ದ್ರಾವಣ ಹಾಕಿ ತಿಕ್ಕಿದರೆ ಮತ್ತೊಮ್ಮೆ ಕಪ್ಪು ಚಿಂದಿ ಬರುತ್ತದೆ, ಅದರ ಹಿಂದೆ ಮತ್ತೆ ನೀಲಿ. ಹೀಗೆ ಸರದಿ ಬದಲಿಸುತ್ತ ಹೋಗಬೇಕು. ಎರಡು ಮೂರು ಸಂಜೆ ಹಿಡಿದರೂ ಆಶ್ಚರ್ಯವಿಲ್ಲ. ಪ್ರತಿ ಸಂಜೆ ಕೆಲಸದಿಂದ ಏಳುವ ಮುನ್ನ ದ್ರಾವಣ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಿಡಬೇಕು. ಬಾಯಿಯ ಕಡೆಯಿಂದ ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ಲ್ಯಾಂಡಿನ ಮೇಲಿನ ತಾಮ್ರದ ಕೆಂಚು ಕಾಣುತ್ತದೆ. ಮೊಬೈಲಿಗೆ ಜೋಡಿಸುವ ಸಣ್ಣ ಬೋರ್‌ಸ್ಕೋಪ್‌ಗಳು ಈಗ ಬಂದಿರುವುದರಿಂದ ಊಹೆಯ ಕೆಲಸ ಕಡಿಮೆಯಾಗಿದೆ. ಒರೆಯುವ ಪೇಸ್ಟಿನ ಆಸೆ ಬಲವಾಗಿ ಕಾಡುವುದು ಈ ಹಂತದಲ್ಲೇ. ನಳಿಗೆಗೆಂದೇ ಮಾಡಿದ ಮೃದು ಪೇಸ್ಟು ಗಟ್ಟಿ ಮಸಿಯ ಉಂಗುರಕ್ಕೆ ಸಹಾಯ ಮಾಡುತ್ತದೆ, ನಿಜ. ಆದರೆ ಅದು ಕೊನೆಯ ಉಪಾಯ. ವಾಹನದ ವಾಲ್ವ್ ಉಜ್ಜುವ ಪೇಸ್ಟು, ಮರಳು ಕಾಗದ ಸುತ್ತಿದ ಕಡ್ಡಿ ಇವು ಕಿಟ್ಟದ ಜೊತೆ ಗೀರನ್ನೂ ಒಯ್ಯುತ್ತವೆ.

.22ಕ್ಕೆ ಇಷ್ಟು ಸಾಹಸ ಬೇಕಿಲ್ಲ. ಕೋತಿನಲ್ಲಿ, ಅಂದರೆ ಆಯುಧಗಳ ಕೋಣೆಯಲ್ಲಿ, ರೈಫಲ್ಲಿನ ಜೊತೆ ಇರುವ ಪುಲ್‌ಥ್ರೂ ಸಾಮಾನ್ಯಕ್ಕೆ ಸಾಕು: ಒಂದು ತುದಿಯಲ್ಲಿ ಹಿತ್ತಾಳೆಯ ತೂಕ, ದಾರದಲ್ಲಿ ಮೂರು ಕುಣಿಕೆ. ಒಂದು ತಂತಿಬಲೆಗೆ, ಇನ್ನೊಂದು ಚಿಂದಿಗೆ, ಮೂರನೆಯದು ಸಿಕ್ಕಿಕೊಂಡರೆ ಆರ್ಮರರ್ ಎಳೆದು ತೆಗೆಯಲು. ಎಳೆಯುವಾಗ ದಾರ ನೇರವಾಗಿ ಬರಬೇಕು. ಓರೆಯಾಗಿ ಎಳೆದರೆ ಒಂದೇ ಜಾಗಕ್ಕೆ ತಗುಲಿ ತಗುಲಿ ಬಾಯಿಯ ಉಕ್ಕಿನಲ್ಲೂ ದಾರದ ಕಾಲುವೆ ಬೀಳುತ್ತದೆ. ಧೂಳು ಹಿಡಿದ ದಾರಕ್ಕೆ ಅಷ್ಟು ಶಕ್ತಿಯಿದೆ. ಕೆಡೆಟ್‌ಗಳಿಗೆ ಬಿಡಿಸುವುದು, ಜೋಡಿಸುವುದು ಚೆನ್ನಾಗಿ ಕಲಿಸುತ್ತಾರೆ. ನೇರ ಎಳೆಯುವುದನ್ನೂ ಅಷ್ಟೇ ಒತ್ತಿ ಹೇಳಬೇಕೆಂದು ನನ್ನ ಆಸೆ.

ತೊಳೆದು ಮುಗಿದ ಮೇಲೆ ಮೊದಲ ಗುಂಡನ್ನು ನೋಡಿ ಎದೆಗುಂದಬಾರದು. ಬರಿಮೈ ಉಕ್ಕಿನಲ್ಲಿ ಹೋಗುವ ಮೊದಲ ಕೆಲವು ಗುಂಡುಗಳು ಬೇರೆಡೆ ಬೀಳುತ್ತವೆ. ಐದಾರು ಗುಂಡು ಹೋಗಿ ತೆಳ್ಳನೆಯ ಸಮ ಪದರ ಕೂತ ಮೇಲೆ ನಳಿಗೆ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ. ಹಾಗಾಗಿಯೇ ಪ್ರತಿ ಅಭ್ಯಾಸದ ಮುಂಚೆಯೂ ತಾಮ್ರ ಪೂರ್ತಿ ಕಿತ್ತುಹಾಕುವುದು ಸ್ಪರ್ಧಿಗಳಿಗೆ ಒಳ್ಳೆಯದಲ್ಲ. ಹೊಡೆಯುವ ಮುನ್ನ ಒಣ ಚಿಂದಿ ತೂರಿಸಿ ಎಣ್ಣೆ ತೆಗೆಯುವುದನ್ನು ಮಾತ್ರ ಮರೆಯಕೂಡದು. ಎಣ್ಣೆ ನಿಂತ ನಳಿಗೆಯಲ್ಲಿ ಒತ್ತಡ ಏರುತ್ತದೆ. ಚೇಂಬರಿನಲ್ಲಿ ಎಣ್ಣೆಯಿದ್ದರೆ ತೋಟೆ ಗೋಡೆಯನ್ನು ಹಿಡಿಯದೆ ಜಾರಿ ಎಲ್ಲ ಭಾರವನ್ನೂ ಬೋಲ್ಟಿನ ಮೇಲೆ ಹಾಕುತ್ತದೆ. ಇಷ್ಟಾಗಿ, ಎಂಟು ಹತ್ತು ಗುಂಡಾದ ಮೇಲೂ ಗ್ರೂಪಿಂಗ್ ಕೂಡಲಿಲ್ಲವೆಂದರೆ ಆಗ ಹೇಳಬಹುದು ನಳಿಗೆ ಸವೆದಿದೆ ಎಂದು. ಬೆಂಕಿ ಮೊದಲು ತಿನ್ನುವುದು ಗೀರು ಶುರುವಾಗುವ ಜಾಗವನ್ನು. ಅಲ್ಲಿ ಉಕ್ಕು ಬಿರುಕುಬಿಟ್ಟು ಒಣಗಿದ ಕೆರೆಯ ತಳದಂತೆ ಕಂಡರೆ ಯಾವ ದ್ರಾವಣವೂ ಏನೂ ಮಾಡದು. ನಳಿಗೆ ಬದಲಿಸುವುದು, ಕ್ರೌನ್ ಕತ್ತರಿಸುವುದು ಪರವಾನಗಿಯಿರುವ ಗನ್‌ಸ್ಮಿತ್‌ ಕೆಲಸ. ಮನೆಯಲ್ಲಿ ಮಾಡಿದರೆ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಕೊಡಗಿನವರಿಗೆ ಇದಕ್ಕೆಲ್ಲ ಒಂದು ಹಬ್ಬವೇ ಇದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದಿನಂದು ಒಡಿಕತ್ತಿಯ ಜೊತೆ ಕೋವಿಯನ್ನೂ ಶುಚಿ ಮಾಡಿ, ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ, ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ತಿಂಗಳುಗಟ್ಟಲೆ ಸುರಿದ ಮಳೆಯ ನಂತರ ಪ್ರತಿ ಮನೆಯ ನಳಿಗೆಯೂ ವರ್ಷಕ್ಕೊಮ್ಮೆ ಖಂಡಿತ ಬೆಳಕು ಕಾಣುವಂತೆ ಮಾಡಿದ ಆ ಕ್ರಮವನ್ನು ನಾನು ಬಹಳ ಮೆಚ್ಚುತ್ತೇನೆ. ನಮ್ಮಲ್ಲಿ ಆಯುಧಪೂಜೆಗೆ ಟ್ರ್ಯಾಕ್ಟರೂ ಪಂಪ್‌ಸೆಟ್ಟೂ ತೊಳೆಸಿಕೊಳ್ಳುತ್ತವೆ, ಕೋವಿಗೆ ಹೊರಗಿನಿಂದ ಕುಂಕುಮ ಸಿಕ್ಕರೆ ಹೆಚ್ಚು.

ನಮ್ಮ ಕಡೆ ಕೋವಿ ಮನೆಯಿಂದ ಹೊರಡುವುದು ಚುನಾವಣೆ ಬಂದಾಗ. ನೀತಿ ಸಂಹಿತೆ ಜಾರಿಯಾದೊಡನೆ ಪರವಾನಗಿದಾರರು ಠಾಣೆಯಲ್ಲಿ ಕೋವಿ ಠೇವಣಿ ಇಡಬೇಕಾಗುತ್ತದೆ, ವಾಪಸು ಬರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಕೊಳೆಯಾದ ನಳಿಗೆಯನ್ನು ಹಾಗೆಯೇ ಚರ್ಮದ ಚೀಲಕ್ಕೆ ತುರುಕಿ ಒಪ್ಪಿಸಿ ಬಂದರೆ ಚೀಲ ಹಿಡಿದ ತೇವವೆಲ್ಲ ನಳಿಗೆಗೆ. ಒಪ್ಪಿಸುವ ಹಿಂದಿನ ದಿನ ಮಸಿ ಬಿಡಿಸಿ, ಒಣಗಿಸಿ, ಒಳಗೆ ಹೊರಗೆ ಎಣ್ಣೆ ಸವರಿ, ಒಣ ಹತ್ತಿಬಟ್ಟೆ ಸುತ್ತಿ ಕೊಡಿ. ರಸೀದಿಯಲ್ಲಿ ಕೋವಿಯ ನಂಬರ್ ಸರಿಯಿದೆಯೇ ನೋಡಿಕೊಳ್ಳಿ. ವಾಪಸು ತಂದ ದಿನವೇ ಒಂದು ಬಿಳಿ ಚಿಂದಿ ತೂರಿಸಿ. ಎಣ್ಣೆಯ ಹಳದಿ ಬಂದರೆ ಸರಿ. ಕೆಮ್ಮಣ್ಣಿನ ಬಣ್ಣ ಬಂದರೆ ಅದು ತುಕ್ಕು: ಎಣ್ಣೆಯಲ್ಲಿ ಅದ್ದಿದ ಕಂಚಿನ ಬ್ರಷ್ಷಿನಿಂದ ಮೆಲ್ಲಗೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಒಳಗೆ ಕುಳಿ ಕಂಡರೆ ಅದನ್ನು ಬಲ್ಲವರಿಗೆ ತೋರಿಸುವವರೆಗೆ ಗುಂಡು ಹಾಕಬೇಡಿ.